ಕೂಡಿಸಿದ ಗಣಕ, ಕೊಂಡ ಗಣಕ

ನಮ್ಮ ನಾಡಿನ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಮೇಜಿನ ಕೆಳಗೆ ಧೂಳು ಹೊತ್ತು ಕುಳಿತಿರುವ ತಗಡಿನ ಪೆಟ್ಟಿಗೆಗೆ ‘ಸಿಪಿಯು’ ಎಂಬ ಹೆಸರು ಅದಾವ ಮುಹೂರ್ತದಲ್ಲಿ ಅಂಟಿಕೊಂಡಿತೋ, ಈಗ ಅದನ್ನು ಬಿಡಿಸುವವರು ಯಾರೂ ಇಲ್ಲ. ಶಾಸ್ತ್ರದ ಪ್ರಕಾರ ಆ ಹೆಸರು ಪೆಟ್ಟಿಗೆಯ ಗರ್ಭದಲ್ಲಿ ಅಡಗಿರುವ, ಅಂಗೈಯಲ್ಲಿ ಇಟ್ಟರೆ ಸುತ್ತಲೂ ಜಾಗ ಉಳಿಯುವಷ್ಟು ಚಿಕ್ಕದಾದ ಒಂದು ಬಿಲ್ಲೆಗೆ ಮಾತ್ರ ಸಲ್ಲತಕ್ಕದ್ದು. ಇಡೀ ಪೆಟ್ಟಿಗೆಯನ್ನು ಹಾಗೆ ಕರೆಯುವುದು ಊರಿಗೆ ಊರನ್ನೇ ಗೌಡರ ಮನೆಯೆಂದು ಕರೆದಂತೆ. ಈ ತಪ್ಪನ್ನು ಕಂಡಲ್ಲೆಲ್ಲ ತಿದ್ದುವ ಹುಮ್ಮಸ್ಸು ಒಂದು ಕಾಲದಲ್ಲಿ ನನಗಿತ್ತು, ಅಧ್ಯಾಪಕ ವೃತ್ತಿಯ ದೋಷವಿದ್ದೀತು. ಈಗ ಅದು ಅಡಗಿದೆ. ಆದರೂ ಹೆಸರಿನ ಈ ಗೊಂದಲ ಒಂದು ಭ್ರಮೆಯನ್ನು ಬೆಳೆಸಿದೆಯೆಂಬುದನ್ನು ಹೇಳಲೇಬೇಕು: ಪೆಟ್ಟಿಗೆಯೆಂಬುದು ಒಂದೇ ವಸ್ತು, ಅದನ್ನು ಯಾರೋ ಒಬ್ಬರು ಎರಕ ಹೊಯ್ದಂತೆ ಇಡಿಯಾಗಿ ಮಾಡಿ ಕಳುಹಿಸಿದ್ದಾರೆ ಎಂಬ ಭ್ರಮೆ.

ಮುಚ್ಚಳ ತೆಗೆದು ನೋಡಿದವರಿಗೆ ಆ ಭ್ರಮೆ ಉಳಿಯುವುದಿಲ್ಲ. ಮುಖದ ಮೇಲೆ ಯಾವ ಸಂಸ್ಥೆಯ ಲಾಂಛನವೇ ಮೆರೆಯುತ್ತಿರಲಿ, ಒಳಗಿನ ಪ್ರೊಸೆಸರ್ ಸಾಮಾನ್ಯವಾಗಿ ಇಂಟೆಲ್ ಅಥವಾ ಎಎಂಡಿಯದು. ರ‍್ಯಾಮಿನ ಮೇಲಿನ ಕರಿಯ ಚಿಪ್ಪುಗಳು ಬಹುಮಟ್ಟಿಗೆ ಸ್ಯಾಮ್ಸಂಗ್, ಹೈನಿಕ್ಸ್, ಮೈಕ್ರಾನ್ ಎಂಬ ಮೂವರಲ್ಲಿ ಒಬ್ಬರವು. ಹಾರ್ಡ್ ಡಿಸ್ಕ್ ಇದ್ದರೆ ಅದು ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾಗಳನ್ನು ಬಿಟ್ಟು ಬೇರೆಯವರದಾಗಿರುವುದು ಈಗ ಅಪೂರ್ವ. ಗಣಕವನ್ನು ಬೇರಿನಿಂದ ತುದಿಯವರೆಗೆ ತಾವೇ ಮಾಡುವವರು ಇಲ್ಲವೆಂದೇ ಹೇಳಬೇಕು, ಇರುವವರೆಲ್ಲರೂ ಕೂಡಿಸುವವರು. ಆದುದರಿಂದ, ಗಣಕವನ್ನು ನಾವೇ ಕೂಡಿಸಿಕೊಳ್ಳುವುದು ಲೇಸೋ ಸಿದ್ಧವಾಗಿರುವುದನ್ನು ಕೊಳ್ಳುವುದು ಲೇಸೋ ಎಂದು ನನ್ನ ಸೋದರಳಿಯ ಕಳೆದ ನವೆಂಬರಿನಲ್ಲಿ, ಅಂದರೆ 2025ರಲ್ಲಿ, ತುಮಕೂರಿನ ನಮ್ಮ ಮನೆಯ ಜಗುಲಿಯ ಮೇಲೆ ಎರಡು ಹಾಳೆಗಳನ್ನು ಹರಡಿ ಕೇಳಿದಾಗ, ಅವನ ಪ್ರಶ್ನೆಯನ್ನು ನಾನು ಮನಸ್ಸಿನಲ್ಲಿಯೇ ಕೊಂಚ ತಿದ್ದಿಕೊಂಡೆ. ಕೂಡಿಸುವುದಂತೂ ಆಗಿಯೇ ತೀರುವ ಕೆಲಸ; ಕೂಡಿಸುವವರು ಯಾರಾಗಬೇಕು, ನಾಳೆ ಅದು ಕೆಟ್ಟರೆ ಉತ್ತರ ಕೊಡುವವರು ಯಾರಾಗಬೇಕು, ಎಂಬುದಷ್ಟೇ ಕೇಳಬೇಕಾದ ಮಾತು.

ಇಂಥದೊಂದು ಆಯ್ಕೆ ಸಾಮಾನ್ಯ ಗೃಹಸ್ಥನ ಪಾಲಿಗೆ ಬಂದುದೇ ಒಂದು ವಿಚಿತ್ರ ಕಥೆ. ಗಡಿಯಾರವನ್ನೋ ಫ್ರಿಜ್ಜನ್ನೋ ಯಾರೂ ಬಿಡಿಭಾಗ ತಂದು ಮನೆಯಲ್ಲಿ ಜೋಡಿಸುವುದಿಲ್ಲ. ಗಣಕಕ್ಕೆ ಈ ಯೋಗ ಒದಗಿದುದು 1975ರ ಜನವರಿಯಲ್ಲಿ, ಅಮೆರಿಕೆಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಎಂಬ ಮಾಸಪತ್ರಿಕೆಯ ಮುಖಪುಟದಲ್ಲಿ ‘ಆಲ್ಟೇರ್ 8800’ ಎಂಬ ಯಂತ್ರದ ಚಿತ್ರ ಅಚ್ಚಾದಾಗ. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿ ನಗರದ ಎಂಐಟಿಎಸ್ ಎಂಬ ಪುಟ್ಟ ಸಂಸ್ಥೆ ನಾನೂರು ಡಾಲರಿಗಿಂತ ಕಡಿಮೆ ಬೆಲೆಗೆ ಕಳುಹಿಸುತ್ತಿದ್ದುದು ಬಿಡಿಭಾಗಗಳ ಒಂದು ಕಟ್ಟು. ಕೊಂಡವನು ತಾನೇ ಬೆಸುಗೆ ಹಾಕಿ ಜೋಡಿಸಬೇಕು. ಜೋಡಿಸಿದ ಮೇಲೂ ಅದಕ್ಕೆ ಕೀಲಿಮಣೆಯಿಲ್ಲ, ಪರದೆಯಿಲ್ಲ. ಮುಂಭಾಗದಲ್ಲಿ ಸಾಲಾಗಿ ಗುಂಡಿಗಳು, ಮಿನುಗುವ ಕೆಂಪು ದೀಪಗಳು. ಮೂಲಯಂತ್ರದ ಸ್ಮರಣಶಕ್ತಿ 256 ಬೈಟು. ಇಂದಿನ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಸಾಮಾನ್ಯವಾಗಿ ಮೂರು ಬೈಟುಗಳು ಬೇಕಾಗುವುದರಿಂದ, ನೀವೀಗ ಓದುತ್ತಿರುವ ಈ ಒಂದು ವಾಕ್ಯವನ್ನು ಕೂಡ ಅದು ಪೂರ್ತಿ ನೆನಪಿಟ್ಟುಕೊಳ್ಳಲಾರದು. ಆದರೂ ಜನ ಮುಗಿಬಿದ್ದು ಕೊಂಡರು.

ಮರುವರ್ಷ ಸ್ಟೀವ್ ವೋಜ್ನಿಯಾಕ್ ರಚಿಸಿದ ಮೊದಲ ಆಪಲ್ ಗಣಕವನ್ನು ಮಾರಲು ಹೊರಟ ಸ್ಟೀವ್ ಜಾಬ್ಸ್, ಕ್ಯಾಲಿಫೋರ್ನಿಯಾದ ‘ಬೈಟ್ ಶಾಪ್’ ಎಂಬ ಅಂಗಡಿಯ ಪಾಲ್ ಟೆರೆಲ್ ಎಂಬಾತನ ಬಳಿ ಹೋದಾಗ, ಆ ವ್ಯಾಪಾರಿ ಐವತ್ತನ್ನು ಕೊಳ್ಳಲು ಒಪ್ಪಿದನಾದರೂ ಒಂದು ಕಟ್ಟಳೆ ಹಾಕಿದನು: ಬಿಡಿಭಾಗಗಳ ಪೊಟ್ಟಣ ಬೇಡ, ಜೋಡಿಸಿ ಸಿದ್ಧಪಡಿಸಿದ ಬೋರ್ಡುಗಳೇ ಬೇಕು. ನಮ್ಮ ಜಗುಲಿಯ ಮೇಲಿನ ವಾದ ಹೀಗೆ ಸುಮಾರು ಐವತ್ತು ವರ್ಷಗಳ ಹಿಂದೆ ಒಂದು ಅಂಗಡಿಯ ಗಲ್ಲಾದ ಮುಂದೆಯೇ ಮೊಳೆತಿತ್ತು. ಆ ‘ಸಿದ್ಧ’ ಬೋರ್ಡಿಗೂ ಕವಚ, ಕೀಲಿಮಣೆ, ವಿದ್ಯುತ್ ಒದಗಿಸುವ ಸಾಧನ ಇವನ್ನೆಲ್ಲ ಕೊಂಡವನೇ ಹುಡುಕಿಕೊಳ್ಳಬೇಕಾಗಿತ್ತೆಂಬುದು ಬೇರೆ ಮಾತು.

ಆದರೆ ನಿಜವಾಗಿ ಬಾಗಿಲು ತೆರೆದವರು, ತೆರೆಯಬೇಕೆಂಬ ಔದಾರ್ಯವೇನೂ ಇಲ್ಲದಿದ್ದ ಐಬಿಎಂ ಸಂಸ್ಥೆಯವರು. ಸಣ್ಣ ಗಣಕಗಳ ಪೇಟೆ ಕೈತಪ್ಪುವ ಸೂಚನೆ ಕಂಡು, ಒಂದು ವರ್ಷದೊಳಗೆ ತಮ್ಮದೊಂದನ್ನು ಹೊರತರಬೇಕೆಂಬ ಅವಸರದಲ್ಲಿ, ಎಲ್ಲವನ್ನೂ ತಾವೇ ಮಾಡುವ ತಮ್ಮ ಸಂಪ್ರದಾಯವನ್ನು ಬದಿಗೊತ್ತಿ, ಇಂಟೆಲಿನ ಪ್ರೊಸೆಸರನ್ನೂ ಮೈಕ್ರೋಸಾಫ್ಟಿನ ಕಾರ್ಯವ್ಯವಸ್ಥೆಯನ್ನೂ ಪೇಟೆಯಲ್ಲಿ ಸಿಕ್ಕ ಇತರ ಅಂಗಗಳನ್ನೂ ಕೂಡಿಸಿ, 1981ರ ಆಗಸ್ಟ್ 12ರಂದು ಅವರು ‘ಐಬಿಎಂ ಪಿಸಿ’ಯನ್ನು ಲೋಕಕ್ಕೆ ತೋರಿಸಿದರು, ಸಾಲದುದಕ್ಕೆ, ಅದರ ವಿದ್ಯುನ್ಮಂಡಲಗಳ ನಕ್ಷೆಗಳನ್ನೆಲ್ಲ ಅಚ್ಚುಹಾಕಿಸಿ ಪುಸ್ತಕವಾಗಿಯೂ ಮಾರಿದರು. ಅವರ ಕೈಯಲ್ಲಿ ಉಳಿದ ಬೀಗವೆಂದರೆ ಬಯೋಸ್ ಎಂಬ ಮೂಲ ಕ್ರಮವಿಧಿಯ ಮೇಲಿನ ಗ್ರಂಥಸ್ವಾಮ್ಯವೊಂದೇ. ಕಾಂಪ್ಯಾಕ್ ಎಂಬ ಹೊಸ ಸಂಸ್ಥೆ ಆ ಬೀಗವನ್ನು ಒಡೆಯದೆಯೇ ತೆರೆಯಿತು: ಒಂದು ತಂಡ ಬಯೋಸನ್ನು ಪರೀಕ್ಷಿಸಿ ಅದು ಏನೇನು ಮಾಡುತ್ತದೆಂದು ಬರೆದಿಟ್ಟರೆ, ಮೂಲವನ್ನು ಕಣ್ಣಿನಿಂದಲೂ ಕಾಣದ ಇನ್ನೊಂದು ತಂಡ ಆ ವಿವರಣೆಯನ್ನು ಮಾತ್ರ ಓದಿ ಹೊಸದೊಂದನ್ನು ರಚಿಸಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಅಂಥ ಬಯೋಸನ್ನು ಯಾರು ಬೇಕಾದರೂ ಹಣ ಕೊಟ್ಟು ತರಬಹುದಾಯಿತು. ಅಲ್ಲಿಗೆ ಐಬಿಎಮ್ಮಿನ ಗಣಕ ಊರ ಬಾವಿಯಾಯಿತು.

ಇನ್ನೊಂದು ಉಪಕಾರವನ್ನು ಹೆಚ್ಚು ಜನ ಸ್ಮರಿಸುವುದಿಲ್ಲ. 1995ರಲ್ಲಿ ಇಂಟೆಲ್ ಸಂಸ್ಥೆ ‘ಎಟಿಎಕ್ಸ್’ ಎಂಬ ಅಳತೆಯ ಕಟ್ಟಳೆಯೊಂದನ್ನು ಪ್ರಕಟಿಸಿತು. ಮದರ್‌ಬೋರ್ಡಿನ ಉದ್ದಗಲವೆಷ್ಟು, ಅದನ್ನು ಪೆಟ್ಟಿಗೆಗೆ ಬಿಗಿಯುವ ತಿರುಪುಗಳ ತೂತುಗಳು ಎಲ್ಲೆಲ್ಲಿ, ವಿದ್ಯುತ್ತಿನ ತಂತಿಗಳ ಕೊನೆಯ ಆಕಾರವೇನು, ಇತ್ಯಾದಿ. ಓದುವುದಕ್ಕೆ ಇದಕ್ಕಿಂತ ನೀರಸವಾದ ಸಾಹಿತ್ಯ ಮತ್ತೊಂದಿರಲಾರದು. ಆದರೆ ಒಬ್ಬರನ್ನೊಬ್ಬರು ಕಾಣದ ಹತ್ತು ಸಂಸ್ಥೆಗಳ ವಸ್ತುಗಳು ತುಮಕೂರಿನ ಮೇಜೊಂದರ ಮೇಲೆ ತಕರಾರಿಲ್ಲದೆ ಒಂದರೊಳಗೊಂದು ಕೂರುವುದು ಆ ನೀರಸ ಹಾಳೆಗಳ ಪುಣ್ಯದಿಂದ.

ಕರ್ನಾಟಕದ ಮಟ್ಟಿಗೆ ಈ ಪುಣ್ಯ ಹರಿದು ಬಂದ ಕಾಲುವೆ ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆ, ಬಾಯಿಮಾತಿನಲ್ಲಿ ಎಸ್.ಪಿ. ರೋಡು. ಮದರಾಸಿಗೆ ರಿಚ್ಚಿ ಸ್ಟ್ರೀಟ್, ಮುಂಬಯಿಗೆ ಲ್ಯಾಮಿಂಗ್ಟನ್ ರೋಡ್, ದಿಲ್ಲಿಗೆ ನೆಹರೂ ಪ್ಲೇಸ್ ಇದ್ದಂತೆ ನಮಗೆ ಇದು. 1999ರಲ್ಲಿ ನಾನು ಮೊದಲ ಸಲ ಅಲ್ಲಿಗೆ ಹೋದುದು ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು, ಚಿಕ್ಕಪೇಟೆಯ ಸೀರೆಗಳನ್ನೂ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳನ್ನೂ ದಾಟಿ, ಆ ಪುಸ್ತಕಗಳ ಬಳಿ ಅರ್ಧ ದಿನವನ್ನು ಕಳೆದ ಮೇಲೆ. ಆ ಕಾಲದಲ್ಲಿ ಹೆಸರಾಂತ ಸಂಸ್ಥೆಗಳ ಗಣಕವೆಂದರೆ ಕಾಲೇಜು ಅಧ್ಯಾಪಕನ ಕೈಗೆಟುಕದ ಹಣ್ಣು, ಎಸ್.ಪಿ. ರೋಡಿನಲ್ಲಿ ಕೂಡಿಸಿದ್ದು ಅದಕ್ಕಿಂತ ಎಷ್ಟೋ ಅಗ್ಗ. ಜಿಲ್ಲಾ ಕೇಂದ್ರಗಳ ಡಿಟಿಪಿ ಅಂಗಡಿಗಳು, ವಾರಪತ್ರಿಕೆಗಳು, ಲಗ್ನಪತ್ರಿಕೆಯ ಮುದ್ರಣಾಲಯಗಳು ಮೊಳೆ ಜೋಡಿಸುವುದನ್ನು ಬಿಟ್ಟು ಪರದೆಗೆ ತಿರುಗಿದ ಆ ವರ್ಷಗಳಲ್ಲಿ, ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಬಂದು ವರ್ಷವಾಗಿದ್ದ ಹೊತ್ತಿನಲ್ಲಿ, ಕನ್ನಡ ಅಕ್ಷರ ಮೂಡಿದ ಗಣಕಗಳಲ್ಲಿ ಬಹುಪಾಲು ಇಂಥ ರಸ್ತೆಗಳಲ್ಲಿ ಹೆಸರಿಲ್ಲದ ಹುಡುಗರು ತಿರುಪುಳಿ ಹಿಡಿದು ಕೂಡಿಸಿದಂಥವೆಂದು ನಾನು ನಂಬಿದ್ದೇನೆ. ನಾನು ಕಂಡ ಡಿಟಿಪಿ ಅಂಗಡಿಗಳಲ್ಲಿ ಒಂದರಲ್ಲಿಯೂ ಲಾಂಛನವಿದ್ದ ಪೆಟ್ಟಿಗೆ ಇರಲಿಲ್ಲ.

ನನ್ನ ಪೆಟ್ಟಿಗೆಯೂ ಅಂಥದೇ. ಒಂದು ಅಂಗಡಿಯವರು ಕಣ್ಣೆದುರಿಗೇ ಮುಕ್ಕಾಲು ಗಂಟೆಯಲ್ಲಿ ಅದನ್ನು ಕಟ್ಟಿಕೊಟ್ಟು, “ಬಿಲ್ ಬೇಕಾ ಸಾರ್, ಬೇಡವಾ? ಬೇಡ ಅಂದ್ರೆ ಇನ್ನೂ ಕಮ್ಮಿ ಆಗತ್ತೆ” ಎಂದರು. ಬೇಡವೆಂದೆ, ಆ ಪಾಪದ ಫಲ ಉಣ್ಣಲು ಹೆಚ್ಚು ಕಾಯಬೇಕಾಗಲಿಲ್ಲ. ಮರುವರ್ಷದ ಬೇಸಗೆಯಲ್ಲಿ ನಮ್ಮ ಬಡಾವಣೆಯ ವಿದ್ಯುತ್ತು ಒಂದು ಸಂಜೆ ಹೋಗಿ, ಬಂದು, ಮತ್ತೆ ಹೋಗಿ ಬಂದಾಗ, ಪೆಟ್ಟಿಗೆಯ ಹಿಂಬದಿಯಿಂದ ಸುಟ್ಟ ವಾಸನೆ ಬಂತು. ಗೋಡೆಯ 230 ವೋಲ್ಟನ್ನು 12, 5, 3.3 ವೋಲ್ಟುಗಳಾಗಿ ಪಳಗಿಸಿ ಒಳಗಿನ ಅಂಗಗಳಿಗೆ ಉಣಿಸುವ ಎಸ್‌ಎಂಪಿಎಸ್ ಎಂಬ ಡಬ್ಬಿ ತಾನು ಸಾಯುವಾಗ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಸಹಗಮನಕ್ಕೆ ಕರೆದೊಯ್ದಿತ್ತು. ಡಿಸ್ಕಿನಲ್ಲಿ ನನ್ನ ಎರಡು ವರ್ಷದ ಪಾಠದ ಟಿಪ್ಪಣಿಗಳಿದ್ದವು. ಅಂಗಡಿಯವರು ಅದು ಕರೆಂಟಿನ ತಪ್ಪೆಂದರು, ವಿದ್ಯುತ್ ಕಚೇರಿಯವರು ಯಂತ್ರದ ತಪ್ಪೆಂದರು, ಬಿಲ್ಲಿಲ್ಲದ ನಾನು ಸುಮ್ಮನಾದೆ.

ಬುದ್ಧಿ ಕಲಿತವನಂತೆ 2004ರಲ್ಲಿ ಹೆಸರಾಂತ ಸಂಸ್ಥೆಯೊಂದರ ಸಿದ್ಧಗಣಕವನ್ನೇ ಕೊಂಡೆ. ಮೂರು ವರ್ಷ ಅದು ಸಾಧುವಾಗಿ ನಡೆಯಿತು. ಒಂದು ಸಲ ಕೆಟ್ಟಾಗ ದೂರವಾಣಿ ಮಾಡಿದರೆ ಕೊರಳಪಟ್ಟಿ ಧರಿಸಿದ ಯುವಕನೊಬ್ಬ ಮನೆಗೇ ಬಂದು ಕಾಫಿ ಕುಡಿದು ಸರಿಮಾಡಿ ಹೋದನು. ಆ ನೆಮ್ಮದಿಗೆ ಬೆಲೆ ಕಟ್ಟಲಾಗದು. ವಾರಂಟಿ ಮುಗಿದ ಆರನೆಯ ತಿಂಗಳಲ್ಲಿ, ವಿಧಿಯ ವಿನೋದವೋ ಎಂಬಂತೆ, ಅದರ ಎಸ್‌ಎಂಪಿಎಸ್ಸೂ ಕೈಕೊಟ್ಟಿತು. ಈ ಸಲ ಬೇರೇನೂ ಸುಟ್ಟಿರಲಿಲ್ಲ. ಹೊಸ ಡಬ್ಬಿಯೊಂದನ್ನು ಹಾಕಿದರೆ ಮುಗಿಯಿತೆಂದುಕೊಂಡು ಪೇಟೆಗೆ ಹೋದರೆ, ಆ ಸಂಸ್ಥೆಯವರು ಎಲ್ಲರ ಅಳತೆಯನ್ನು ಬಿಟ್ಟು ತಮ್ಮದೇ ಅಳತೆಯ ಡಬ್ಬಿಯನ್ನೂ ತಮ್ಮದೇ ಆಕಾರದ ಕೊಂಡಿಯನ್ನೂ ಮಾಡಿಟ್ಟಿದ್ದರೆಂದು ತಿಳಿಯಿತು. ಅವರಿಂದಲೇ ತರಿಸಬೇಕು, ಆ ಮಾದರಿ ನಿಂತುಹೋಗಿದೆ, ಹೊಸ ಗಣಕವನ್ನೇ ಕೊಳ್ಳಬಾರದೇಕೆ ಎಂಬ ಸಲಹೆ ಬಂತು.

ಎರಡು ಮಾರ್ಗಗಳ ದೋಷವನ್ನೂ ಹೀಗೆ ಮೈಮೇಲೆ ಅನುಭವಿಸಿದ ನನಗೆ, ವಾದಿಗಳು ಸಾಮಾನ್ಯವಾಗಿ ಮುಂದಿಡುವ ಹಣದ ಲೆಕ್ಕ ಈಗ ಎರಡನೆಯ ಸ್ಥಾನದಲ್ಲಿ ಕಾಣುತ್ತದೆ. ಪತ್ರ ಬರೆಯಲು, ಲೆಕ್ಕವಿಡಲು, ಬ್ಯಾಂಕಿನ ವ್ಯವಹಾರಕ್ಕೆ ಬೇಕಾದ ಸಾಮಾನ್ಯ ಗಣಕದಲ್ಲಿ ನಾವು ಸಂಸ್ಥೆಗಳೊಡನೆ ಬೆಲೆಯಲ್ಲಿ ಸೆಣಸಲಾರೆವು: ಲಕ್ಷಗಟ್ಟಲೆ ಬಿಡಿಭಾಗಗಳನ್ನು ಸಗಟಾಗಿ ಕೊಳ್ಳುವವರಿಗೆ ದೊರೆಯುವ ದರ ಒಂದೊಂದನ್ನು ಕೊಳ್ಳುವವರಿಗೆ ದೊರೆಯುವುದಿಲ್ಲ, ವಿಂಡೋಸಿನ ಪರವಾನಗಿಯ ಬೆಲೆಯಂತೂ ದೊರೆಯುವುದೇ ಇಲ್ಲ. ಚಿತ್ರ, ಚಲನಚಿತ್ರ, ಆಟ, ಯಂತ್ರಗಳ ವಿನ್ಯಾಸ ಇಂಥ ಭಾರದ ಕೆಲಸಕ್ಕೆ ಬೇಕಾದ ಗಣಕದಲ್ಲಿ ಮಾತ್ರ ತಕ್ಕಡಿ ನಮ್ಮ ಕಡೆಗೆ ವಾಲುತ್ತದೆ. ಏಕೆಂದರೆ ಸಿದ್ಧಗಣಕದ ಜಾಹೀರಾತಿನಲ್ಲಿ ಪ್ರೊಸೆಸರಿನ ಹೆಸರು ದೊಡ್ಡ ಅಕ್ಷರದಲ್ಲಿರುತ್ತದೆ, ರ‍್ಯಾಮ್ ಎಷ್ಟು ಜಿಬಿಯೆಂಬುದಿರುತ್ತದೆ. ಎಸ್‌ಎಂಪಿಎಸ್ ಯಾರದು, ಮದರ್‌ಬೋರ್ಡ್ ಎಂಥದು, ಶಾಖವನ್ನು ಹೊರದೂಡುವ ಪಂಖಗಳೆಷ್ಟು ಎಂಬುದು ಇರುವುದಿಲ್ಲ. ಉಳಿತಾಯದ ಕತ್ತರಿ ಬೀಳುವುದು ಹೆಸರು ಬರೆಯದ ಆ ಅಂಗಗಳ ಮೇಲೆ. ಹದಿನಾರು ಜಿಬಿ ಎಂದಿರುವಲ್ಲಿ ಎಂಟೆಂಟರ ಎರಡು ಪಟ್ಟಿಗಳ ಬದಲು ಹದಿನಾರರ ಒಂದೇ ಪಟ್ಟಿಯನ್ನು ತೂರಿಸಿರುತ್ತಾರೆ. ಎರಡು ಪಟ್ಟಿಗಳಿದ್ದರೆ ಪ್ರೊಸೆಸರಿಗೆ ಎರಡು ಹಾದಿಗಳಿಂದ ಏಕಕಾಲಕ್ಕೆ ದತ್ತಾಂಶ ಬರುತ್ತದೆ, ಒಂದಿದ್ದರೆ ಒಂದೇ ಹಾದಿ. ಬರೆದದ್ದು ಸುಳ್ಳಲ್ಲ, ಬರೆಯದಿರುವುದರಲ್ಲಿ ಲಾಭವಿದೆ.

ವಾರಂಟಿಯ ಲೆಕ್ಕ ಇನ್ನೂ ಸ್ವಾರಸ್ಯವಾದುದು. ಪೆಟ್ಟಿಗೆಯಲ್ಲಿಟ್ಟು ಮಾರುವ ಪ್ರೊಸೆಸರಿಗೆ ಮೂರು ವರ್ಷ, ಒಳ್ಳೆಯ ಎಸ್‌ಎಂಪಿಎಸ್ಸಿಗೆ ಐದರಿಂದ ಹತ್ತು ವರ್ಷ, ರ‍್ಯಾಮಿಗೆ ಎಷ್ಟೋ ಸಂಸ್ಥೆಗಳು ಅದರ ಆಯುಸ್ಸಿರುವವರೆಗೆ. ಇವೆಲ್ಲವನ್ನೂ ಕೂಡಿಸಿದ ಸಿದ್ಧಗಣಕಕ್ಕೆ ಬಹಳ ಸಲ ಒಂದು ವರ್ಷ, ಹೆಚ್ಚೆಂದರೆ ಮೂರು. ಅಂಗಗಳಿಗೆ ದೀರ್ಘಾಯುಷ್ಯ, ಅಂಗಿಗೆ ಅಲ್ಪಾಯುಷ್ಯ! ಆದರೆ ಬಿಡಿಭಾಗಗಳ ಈ ವಾರಂಟಿಗಳು ಒಂದೊಂದೂ ತನ್ನ ಪಾಲಿನ ಗದ್ದೆಯನ್ನು ಮಾತ್ರ ಕಾಯುವ ಕಾವಲುಗಾರನಂತೆ. ಗಣಕ ತಾನೇ ತಾನಾಗಿ ದಿನಕ್ಕೆರಡು ಸಲ ಆರಿಹೋಗುತ್ತಿದ್ದರೆ ಅದು ರ‍್ಯಾಮಿನ ದೋಷವೋ ಬೋರ್ಡಿನದೋ ಎಸ್‌ಎಂಪಿಎಸ್ಸಿನದೋ ಎಂಬ ನಿದಾನವನ್ನು ನಾವೇ ಮಾಡಿ, ತಪ್ಪಿತಸ್ಥನನ್ನು ನಾವೇ ಹಿಡಿದು, ಬಿಲ್ಲಿನೊಡನೆ ಸರಿಯಾದ ಕಿಟಕಿಯ ಮುಂದೆ ನಿಲ್ಲಿಸಬೇಕು. ಸಿದ್ಧಗಣಕವನ್ನು ಕೊಳ್ಳುವವನು ಹೆಚ್ಚಿನ ಹಣ ತೆರುವುದು ಈ ನಿದಾನದ ಕಷ್ಟವನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕಾಗಿ, ಮತ್ತು ನನ್ನ ಎಣಿಕೆಯಲ್ಲಿ ಅದು ದಂಡದ ಹಣವೇನೂ ಅಲ್ಲ.

ಸಿದ್ಧಗಣಕದ ಅಳತೆಯ ಕೊಂಡಿಯಿಂದ ಪೆಟ್ಟು ತಿಂದ ಮೇಲೆ 2008ರಲ್ಲಿ ನಾನೇ ಕುಳಿತು, ಬಿಲ್ಲನ್ನು ಕೇಳಿ ಪಡೆದು, ಹಣದಲ್ಲಿ ತಕ್ಕ ಪಾಲನ್ನು ಎಸ್‌ಎಂಪಿಎಸ್ಸಿಗೇ ಸುರಿದು, ಕೋರ್ 2 ಡ್ಯುಯೋ ಪ್ರೊಸೆಸರಿನ ಗಣಕವೊಂದನ್ನು ಕೂಡಿಸಿದೆನು. ಅದು ಹದಿನೇಳು ವರ್ಷ ಬಾಳಿತು. ನಡುವೆ ರ‍್ಯಾಮನ್ನು ಇಮ್ಮಡಿಸಿದೆ. ಹಾರ್ಡ್ ಡಿಸ್ಕ್ ಇದ್ದಲ್ಲಿ ಎಸ್‌ಎಸ್‌ಡಿ ಬಂತು, ಮುದುಕನಿಗೆ ಹರೆಯ ಬಂದಂತಾಯಿತು. ಕೊನೆಗೆ ಅದನ್ನು ನಿವೃತ್ತಗೊಳಿಸಿದುದು ಯಾವ ಅಂಗದ ವೈಕಲ್ಯವೂ ಅಲ್ಲ: 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಪೋಷಣೆ ನಿಂತಿತು, ವಿಂಡೋಸ್ 11 ಇಷ್ಟು ಹಳೆಯ ಯಂತ್ರವನ್ನು ಒಲ್ಲೆನೆಂದಿತು. ಲಿನಕ್ಸ್ ಹಾಕಿದರೆ ಇನ್ನೂ ನಡೆದೀತು. ಆದರೆ ಅಳಿಯನ ವಿನ್ಯಾಸದ ಪಾಠಗಳಿಗೆ ಅದು ಸಾಲದು.

ಆದುದರಿಂದಲೇ ಜಗುಲಿಯ ಮೇಲೆ ಆ ಎರಡು ಹಾಳೆಗಳು. ಹಾಳೆ ನೋಡಿ ನನಗೂ ಅಚ್ಚರಿಯಾಯಿತು. ಕೃತಕ ಬುದ್ಧಿಮತ್ತೆಯ ಮಹಾಗಣಕಾಗಾರಗಳು ಸ್ಮರಣೆಯ ಚಿಪ್ಪುಗಳನ್ನು ನುಂಗತೊಡಗಿದ್ದರಿಂದ ರ‍್ಯಾಮಿನ ಬೆಲೆ ಕೆಲವೇ ತಿಂಗಳುಗಳಲ್ಲಿ ಇಮ್ಮಡಿಗೆ ಏರಿತ್ತು. ಮರುತಿಂಗಳು ಡಿಸೆಂಬರಿನಲ್ಲಿ ಮೈಕ್ರಾನ್ ಸಂಸ್ಥೆ ‘ಕ್ರೂಶಿಯಲ್’ ಎಂಬ ಹೆಸರಿನಲ್ಲಿ ನಮ್ಮಂಥವರಿಗೆ ಮಾಡುತ್ತಿದ್ದ ಚಿಲ್ಲರೆ ಮಾರಾಟವನ್ನೇ ನಿಲ್ಲಿಸುವುದಾಗಿ ಸಾರಿತು. ಹಳೆಯ ದರದಲ್ಲಿ ಕೊಂಡ ರ‍್ಯಾಮ್ ಒಳಗಿರುವ ಸಿದ್ಧಗಣಕವೊಂದು ಅವನ ಹಾಳೆಯಲ್ಲಿ ಬಿಡಿಭಾಗಗಳ ಮೊತ್ತಕ್ಕಿಂತ ಅಗ್ಗವಾಗಿಯೇ ಕಾಣುತ್ತಿತ್ತು.

“ಮಾವ, ಲೆಕ್ಕ ನೋಡಿದ್ರೆ ರೆಡಿಮೇಡೇ ವಾಸಿ,” ಎಂದನು.

“ಅದರ ಎಸ್‌ಎಂಪಿಎಸ್ ಯಾರದು ಅಂತ ಬರೆದಿದಾರೇನೋ?” ಎಂದೆ.

ಬರೆದಿರಲಿಲ್ಲ. ಮಾದಾವರದವರೆಗೆ ಬಸ್ಸು, ಅಲ್ಲಿಂದ ಚಿಕ್ಕಪೇಟೆಗೆ ಮೆಟ್ರೊ. ಇಬ್ಬರೂ ಮರುದಿನ ಎಸ್.ಪಿ. ರೋಡಿನಲ್ಲಿದ್ದೆವು. ಬೆಲೆಯೇರಿದ ಹೊಸ ಡಿಡಿಆರ್5ರ ಗೊಡವೆ ಬಿಟ್ಟು ಹಿಂದಿನ ಪೀಳಿಗೆಯ ಡಿಡಿಆರ್4 ರ‍್ಯಾಮ್ ಮತ್ತು ಅದು ಕೂರುವ ಬೋರ್ಡು, 2022ರ ಮಾದರಿಯ ಒಂದು ಇಂಟೆಲ್ ಪ್ರೊಸೆಸರ್, ಮಧ್ಯಮ ತರದ ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್ ಕೊಂಡೆವು. ಕ್ಯಾಬಿನೆಟ್ ಕೊಳ್ಳಲು ನಾನು ಬಿಡಲಿಲ್ಲ.

ಕೂಡಿಸುವ ಸಂಜೆಯನ್ನು ಕುರಿತು ಒಂದೆರಡು ಮಾತು. ಪ್ರೊಸೆಸರನ್ನು ಕೂರಿಸುವ ಗೂಡಿನಲ್ಲಿ ಸಾವಿರಕ್ಕೂ ಮಿಕ್ಕು ಕೂದಲೆಳೆಯಂಥ ಮುಳ್ಳುಗಳು ನಿಂತಿರುತ್ತವೆ. ಬಿಲ್ಲೆಯ ಮೂಲೆಯ ತ್ರಿಕೋನವನ್ನು ಗೂಡಿನ ಗುರುತಿಗೆ ಹೊಂದಿಸಿ ಕೈಬಿಡಬೇಕು, ಒತ್ತಬಾರದು. ಬಳಿಕ ಸನ್ನೆಯನ್ನು ಒತ್ತುವಾಗ ಏನೋ ಮುರಿಯುತ್ತಿದೆಯೆಂಬಂಥ ಬಿಗಿ ಕೈಗೆ ತಾಗುತ್ತದೆ. ಅದು ಸಹಜ, ಆದರೆ ಮೊದಲ ಸಲ ಯಾರೂ ನಂಬುವುದಿಲ್ಲ. ಅದರ ಮೇಲೆ ಬಟಾಣಿ ಕಾಳಿನಷ್ಟು ಶಾಖವಾಹಕ ಲೇಪ. ರ‍್ಯಾಮಿಗೆ ನಾಲ್ಕು ಸೀಳುಗಳಿದ್ದರೆ, ಎರಡು ಪಟ್ಟಿಗಳು ಸಾಮಾನ್ಯವಾಗಿ ಎರಡನೆಯದರಲ್ಲಿಯೂ ನಾಲ್ಕನೆಯದರಲ್ಲಿಯೂ. ಹಳೆಯ ಎಸ್‌ಎಂಪಿಎಸ್ಸಿನ ಕಳಚಬಹುದಾದ ತಂತಿಗಳನ್ನು ಹೊಸದಕ್ಕೆ ಸಿಕ್ಕಿಸುವ ಆಸೆ ಅಳಿಯನಿಗೆ ಬಂತು; ತಡೆದೆನು. ಒಂದು ತುದಿಯ ಆಕಾರ ಒಂದೇ ಆಗಿದ್ದರೂ ಇನ್ನೊಂದು ತುದಿಯಲ್ಲಿ ಯಾವ ತಂತಿಗೆ ಎಷ್ಟು ವೋಲ್ಟೆಂಬುದಕ್ಕೆ ಸಂಸ್ಥೆಗಳೊಳಗೆ ಒಪ್ಪಂದವಿಲ್ಲ, ಎಟಿಎಕ್ಸ್ ಕಟ್ಟಳೆ ಮೌನವಾಗಿರುವ ಜಾಗ ಅದು. ಈ ಒಂದು ತಪ್ಪಿಗೆ ಡಿಸ್ಕುಗಳು ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ಎಲ್ಲ ಮುಗಿದು ಗುಂಡಿ ಒತ್ತಿದರೆ ಪಂಖಗಳು ತಿರುಗಿದವು, ಪರದೆ ಕಪ್ಪಾಗಿಯೇ ಇತ್ತು. ಅಳಿಯನ ಮುಖ ಬಿಳಿಚಿತು. ಒಂದು ಗಂಟೆ ಬಿಚ್ಚಿದೆವು, ಕಟ್ಟಿದೆವು. ಅಡುಗೆಮನೆಯಿಂದ ಅವನ ಅತ್ತೆ ಎರಡು ಸಲ ಊಟಕ್ಕೆ ಕರೆದಳು. ಕೊನೆಗೆ ಕಂಡದ್ದಿಷ್ಟು: ಮಾನಿಟರಿನ ತಂತಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸದೆ ಬೋರ್ಡಿನ ಹಿಂಬದಿಗೆ ಸಿಕ್ಕಿಸಿದ್ದೆವು, ನಾವು ಕೊಂಡ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ‘ಎಫ್’ ಎಂಬ ಅಕ್ಷರವಿತ್ತು, ಚಿತ್ರ ಬಿಡಿಸುವ ಶಕ್ತಿ ಅದಕ್ಕಿಲ್ಲವೆಂದು ಆ ಅಕ್ಷರದ ಅರ್ಥ.

ನನ್ನ ತೀರ್ಪನ್ನು ಕೇಳುವವರಿಗೆ ಇಷ್ಟು ಹೇಳುತ್ತೇನೆ: ಮನೆಯಲ್ಲಿ ಇಂಥ ಕಪ್ಪು ಪರದೆಯ ಮುಂದೆ ಒಂದು ಗಂಟೆ ಕೂರಬಲ್ಲವರು ಒಬ್ಬರಾದರೂ ಇದ್ದರೆ ಕೂಡಿಸಿರಿ, ಇಲ್ಲವಾದರೆ ಸಿದ್ಧವಾದುದನ್ನೇ ಮೂರು ವರ್ಷದ ವಾರಂಟಿಯೊಡನೆ ಕೊಳ್ಳಿರಿ, ಆದರೆ ಕೊಳ್ಳುವ ಮುನ್ನ ಅದರ ಎಸ್‌ಎಂಪಿಎಸ್ ಎಟಿಎಕ್ಸ್ ಅಳತೆಯದೇ ಎಂದು ಬಾಯಿಬಿಟ್ಟು ಕೇಳಿರಿ. ಕೂಡಿಸಿದವರು ಬಿಲ್ಲುಗಳನ್ನು ಜೋಪಾನವಾಗಿಡಿರಿ. ಬೋರ್ಡಿನೊಡನೆಯೇ ರ‍್ಯಾಮನ್ನು ಬೆಸೆದಿರುವ, ಪ್ರೊಸೆಸರಿನ ಮಗ್ಗುಲಲ್ಲಿಯೇ ಅದನ್ನು ಅಡಗಿಸಿರುವ ಯಂತ್ರಗಳು ವರ್ಷವರ್ಷಕ್ಕೆ ಹೆಚ್ಚುತ್ತಿವೆ. ಆಪಲಿನ ಇಂದಿನ ಮ್ಯಾಕ್ ಮಿನಿ, ಐಮ್ಯಾಕ್‌ಗಳಲ್ಲಿ ಕೊಂಡ ದಿನದ ರ‍್ಯಾಮೇ ಕೊನೆಯ ದಿನದ ರ‍್ಯಾಮು. ಅಂಥವುಗಳ ಮಟ್ಟಿಗೆ ಈ ಚರ್ಚೆಗೆ ಅವಕಾಶವೇ ಇಲ್ಲ.

ಹೊಸ ಬೋರ್ಡು 2008ರ ಕ್ಯಾಬಿನೆಟ್ಟಿನಲ್ಲಿಯೇ ಕೂತಿದೆ. ಹಳೆಯದನ್ನು ಬಿಚ್ಚಿದಾಗ ಒಂಬತ್ತು ತಿರುಪುಗಳು ಬಂದವು, ಅವನ್ನು ನಶ್ಯದ ಡಬ್ಬಿಯೊಂದರಲ್ಲಿ ಹಾಕಿಟ್ಟಿದ್ದೆ. ಹೊಸದು ಕೊಂಚ ಚಿಕ್ಕ ಅಳತೆಯದಾದುದರಿಂದ ಎಂಟು ತೂತುಗಳು. ಎಂಟೂ ಹಳೆಯ ತಿರುಪುಗಳಿಗೇ ಹೊಂದಿದವು. ಒಂಬತ್ತನೆಯದು ಡಬ್ಬಿಯಲ್ಲಿದೆ.